ಬೇರೆ ವ್ಯಾಪಾರಿಗಳ ಲೋಗೊ, ಫೋಟೊ, ಕ್ಯಾಟಲಾಗ್ ನಿಮ್ಮ ಜಾಹೀರಾತು ವೆಬ್‌ಸೈಟಿನಲ್ಲಿ: ಯಾವುದಕ್ಕೆ ಯಾವ ಅನುಮತಿ

ಊರಿನ ಅಂಗಡಿ, ಹೋಟೆಲು, ಕ್ಲಿನಿಕ್ಕುಗಳ ಜಾಹೀರಾತು ಹಾಕುವ ವೆಬ್‌ಸೈಟ್ ನಡೆಸುವವರಿಗೆ ದಿನಾ ಕೇಳಿಬರುವ ಮಾತು ಒಂದಿದೆ: "ನಮ್ಮ ಫೇಸ್‌ಬುಕ್ ಪೇಜಿನಿಂದ ಯಾವ ಫೋಟೊ ಬೇಕೋ ತಗೊಂಡು ಹಾಕ್ಕೊಳ್ಳಿ ಸರ್." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಪೇಜಿನಲ್ಲಿರುವುದರಲ್ಲಿ ಎಷ್ಟೋ ಅವರ ಸ್ವತ್ತೇ ಆಗಿರುವುದಿಲ್ಲ. ತನ್ನದಲ್ಲದ್ದಕ್ಕೆ ಯಾರು ಒಪ್ಪಿಗೆ ಕೊಟ್ಟರೂ ಅದು ಕಾನೂನಿನ ಅನುಮತಿಯಾಗುವುದಿಲ್ಲ. ನಂಬಿ ಹಾಕಿದ ನೀವು ಉತ್ತರ ಹೇಳಬೇಕಾಗುತ್ತದೆ.

ಈ ಉತ್ತರ ಸಣ್ಣದಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 63ರ ಪ್ರಕಾರ, ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಸಂಜ್ಞೇಯ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಅಂದರೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ಸಿವಿಲ್ ದಾವೆಯಲ್ಲಿ ತಡೆಯಾಜ್ಞೆ, ನಷ್ಟಪರಿಹಾರ ಬೇರೆ.

ಹಾಗೆಂದು ಎಲ್ಲದಕ್ಕೂ ವಕೀಲರ ಹತ್ತಿರ ಓಡಬೇಕಿಲ್ಲ. ದಾರಿಗಳು ಹಲವಿವೆ: ಬರಹದ ಲೈಸೆನ್ಸ್, ಹಕ್ಕಿನ ವರ್ಗಾವಣೆ, ವ್ಯಾಪಾರಿಯಿಂದಲೇ ಅಪ್‌ಲೋಡ್, ನಿಮ್ಮದೇ ಫೋಟೊ, ಅನುಮತಿಯೇ ಬೇಡದ ಬಳಕೆ, ಸ್ಟಾಕ್ (ಚಿತ್ರ ಮಾರುವ ತಾಣಗಳ) ಮತ್ತು ಮುಕ್ತ ಲೈಸೆನ್ಸಿನ ಚಿತ್ರ. ಒಂದೊಂದೂ ಒಂದೊಂದು ಬಗೆಯ ಸಾಮಗ್ರಿಗೆ ಹೊಂದುತ್ತದೆ. ಎಲ್ಲದಕ್ಕೂ ಒಂದೇ ಕಾಗದ ಸಾಕು ಅಂದುಕೊಳ್ಳುವಲ್ಲೇ ಕೆಲಸ ಕೆಡುವುದು.

ಮೊದಲು, ಯಾವುದು ಯಾರದು?

ಅಂಗಡಿಯ ಲೋಗೊವನ್ನೇ ನೋಡಿ. ಡಿಟಿಪಿ ಅಂಗಡಿಯ ಹುಡುಗ ಕೋರೆಲ್‌ಡ್ರಾದಲ್ಲಿ ಬಿಡಿಸಿ ಸಿಡಿಆರ್ ಫೈಲ್ ಕೊಟ್ಟಿರುತ್ತಾನೆ, ಮಾಲೀಕರು ದುಡ್ಡು ಕೊಟ್ಟಿರುತ್ತಾರೆ. ದುಡ್ಡು ಕೊಟ್ಟ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ಮಾಲೀಕರದ್ದಾಗಿಬಿಡುವುದಿಲ್ಲ. ಬಿಡಿಸಿದವನು ಅಂಗಡಿಯ ಸಂಬಳದ ನೌಕರನಾಗಿದ್ದರೆ ಹಕ್ಕು ಅಂಗಡಿಯದು. ಹೊರಗಿನವನಾಗಿದ್ದರೆ, ಸಹಿ ಮಾಡಿದ ವರ್ಗಾವಣೆ ಪತ್ರ ಇಲ್ಲದಿದ್ದಾಗ ಹಕ್ಕು ಸಾಮಾನ್ಯವಾಗಿ ಅವನಲ್ಲೇ ಉಳಿಯುತ್ತದೆ. ಹೊರಗಿನವರಿಂದ ಬರೆಸಿದ ಪರಿಚಯ ಲೇಖನ, ಬ್ರೋಷರಿನ ಬರಹಕ್ಕೂ ಇದೇ ನಿಯಮ.

ಫೋಟೊದ ಲೆಕ್ಕ ಉಲ್ಟಾ. ಹಣ ಕೊಟ್ಟು ತೆಗೆಸಿದ ಫೋಟೊ, ಮಾಡಿಸಿದ ಜಾಹೀರಾತು ವಿಡಿಯೊ ಎರಡಕ್ಕೂ ತೆಗೆಸಿದವರೇ ಮೊದಲ ಒಡೆಯರು ಎನ್ನುತ್ತದೆ ಸೆಕ್ಷನ್ 17. ಆದರೆ ಬೇರೆ ಒಪ್ಪಂದವಿದ್ದರೆ ಅದೇ ನಡೆಯುತ್ತದೆ. ಸ್ಟುಡಿಯೊದ ಕೊಟೇಶನ್ ಅಥವಾ ಬಿಲ್ಲಿನ ಕೆಳಗಿನ ಸಣ್ಣ ಅಕ್ಷರದಲ್ಲಿ ಹಕ್ಕು ಸ್ಟುಡಿಯೊದ್ದು ಎಂದು ಬರೆದಿದೆಯೇ ನೋಡಿ.

ಹೋಟೆಲಿನವರು "ಫುಡ್ ಡೆಲಿವರಿ ಆ್ಯಪಿನಲ್ಲಿರುವ ಫೋಟೊ ಹಾಕಿ" ಎಂದರೆ, ಆ ದೋಸೆಯ ಫೋಟೊ ತೆಗೆಸಿದ್ದು ಹೋಟೆಲೋ ಆ್ಯಪ್ ಕಂಪನಿಯೋ ಎಂದು ಕೇಳಿ. ಮೊಬೈಲ್ ಅಂಗಡಿಯವರು ಕೊಡುವ ಫೋನಿನ ಚಿತ್ರ ತಯಾರಕ ಕಂಪನಿಯದು. ಡೀಲರಿಗೆ ಬಳಸಲು ಕೊಟ್ಟಿದ್ದನ್ನು ಡೀಲರು ನಿಮಗೆ ದಾಟಿಸಬಹುದೇ ಎನ್ನುವುದು ಅವರ ಡೀಲರ್‌ಶಿಪ್ ಕರಾರಿನಲ್ಲಿರುತ್ತದೆ. ಆಭರಣದಂಗಡಿಯ ಬ್ಯಾನರಿನಲ್ಲಿ ಸಿನಿಮಾ ನಟಿ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಅಂಥ ಒಪ್ಪಂದಗಳು ಅವಧಿಗೂ ಮಾಧ್ಯಮಕ್ಕೂ ಕಟ್ಟುಬಿದ್ದಿರುತ್ತವೆ. ಅವಧಿ ಮುಗಿದ ದಿನ ಅಂಗಡಿಯವರು ಫ್ಲೆಕ್ಸ್ ಇಳಿಸುತ್ತಾರೆ, ನಿಮ್ಮ ಪುಟದಲ್ಲಿ ಚಿತ್ರ ಹಾಗೇ ಇರುತ್ತದೆ.

"ಚಿತ್ರಕೃಪೆ: ಅಂತರ್ಜಾಲ" ಎಂದು ಕೆಳಗೆ ಬರೆದರೆ ರಕ್ಷಣೆ ಸಿಗುವುದಿಲ್ಲ. ಸೆಕ್ಷನ್ 52ರ ನ್ಯಾಯಯುತ ಬಳಕೆ ಖಾಸಗಿ ಅಧ್ಯಯನ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ ಇಂಥವಕ್ಕೆ. ವ್ಯಾಪಾರದ ಜಾಹೀರಾತು ಅದರಲ್ಲಿ ಬರುವುದಿಲ್ಲ. ವಾಟರ್‌ಮಾರ್ಕ್ ಕತ್ತರಿಸಿ ಹಾಕುವುದು ಇನ್ನೂ ಕೆಟ್ಟದು. ಹಕ್ಕುದಾರರ ಗುರುತನ್ನು ತಿಳಿದೂ ಅಳಿಸುವುದು ಸೆಕ್ಷನ್ 65ಬಿ ಅಡಿ 2 ವರ್ಷದವರೆಗೆ ಜೈಲಾಗಬಹುದಾದ ಬೇರೆಯೇ ಅಪರಾಧ.

ಬರಹದ ಲೈಸೆನ್ಸ್

ಲೋಗೊ, ಕ್ಯಾಟಲಾಗ್, ಬ್ರೋಷರ್, ಮೆನು ಕಾರ್ಡಿನ ವಿನ್ಯಾಸ, ಜಾಹೀರಾತು ವಿಡಿಯೊ ಇವಕ್ಕೆ ನಮ್ಮ ಮೊದಲ ಆಯ್ಕೆ ಇದೇ. ಒಡೆತನ ಅವರಲ್ಲೇ ಉಳಿಯುತ್ತದೆ, ಬಳಸುವ ಹಕ್ಕು ಮಾತ್ರ ನಿಮಗೆ. ಸೆಕ್ಷನ್ 30 ಕೇಳುವುದು ಬರಹವನ್ನು, ಅದೂ ಒಡೆಯರಿಂದ ಅಥವಾ ಅವರಿಂದ ಅಧಿಕಾರ ಪಡೆದವರಿಂದ. 2012ರ ತಿದ್ದುಪಡಿಯಲ್ಲಿ ಲೈಸೆನ್ಸಿಗೆ ಸಹಿ ಬೇಕೆಂಬ ಮಾತು ಹೋಯಿತು; ಹಾಗಾಗಿ ವಿವರವಾದ ಇಮೇಲ್ ಕೂಡ ನಡೆಯುತ್ತದೆ. ಆದರೂ ಸಹಿ, ಅಂಗಡಿಯ ಸೀಲು ಇದ್ದ ಕಾಗದಕ್ಕೆ ಜಗಳ ಬಂದಾಗ ತೂಕ ಹೆಚ್ಚು.

ಜನ ಎಡವುವುದು ಬರೆಯದೆ ಬಿಟ್ಟ ಮಾತುಗಳಲ್ಲಿ. ನೀವು ಬರೆಯದ ಜಾಗವನ್ನು ಕಾಯ್ದೆಯೇ ತುಂಬಿಬಿಡುತ್ತದೆ. ಸೆಕ್ಷನ್ 19 ಮತ್ತು 30ಎ ಸೇರಿಸಿ ಓದಿದರೆ: ಅವಧಿ ಬರೆಯದಿದ್ದರೆ 5 ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತಾಗಿಲ್ಲದ ಹೊರತು, ಅದು ರದ್ದು. ನಿಮ್ಮ ಪುಟವನ್ನು ದುಬೈಯಲ್ಲಿರುವ ಕನ್ನಡಿಗರು ನೋಡಿ ಊರಿನ ಅಪ್ಪ ಅಮ್ಮನಿಗೆ ಸೀರೆ ಕಳಿಸಲು ಆರ್ಡರ್ ಕೊಡುತ್ತಾರೆ ಎಂದರೆ, "ಇಡೀ ಪ್ರಪಂಚದಲ್ಲಿ" ಎಂಬ ಎರಡು ಪದ ಕಾಗದದಲ್ಲಿ ಇರಲೇಬೇಕು.

ಮಾಧ್ಯಮವನ್ನೂ ಬಿಡಿಸಿ ಬರೆಯಿರಿ. ವೆಬ್‌ಸೈಟಿಗೆ ಪಡೆದ ಅನುಮತಿಯಿಂದ ಅದೇ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ದುಡ್ಡು ಕೊಟ್ಟು ಬೂಸ್ಟ್ ಮಾಡಲು, ಪಾಂಪ್ಲೆಟ್ ಹೊಡೆಸಲು, ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಲು ಹಕ್ಕು ಬರುವುದಿಲ್ಲ. ಒಂದು ಪುಟದ ಪತ್ರ ಸಾಕು. ಒಳಗಿನ ಮಾತು ಹೀಗಿರಲಿ:

"ಇದರ ಜೊತೆ ಲಗತ್ತಿಸಿದ ಪಟ್ಟಿಯಲ್ಲಿರುವ ಲೋಗೊ, ಚಿತ್ರ, ಬರಹ ಮತ್ತು ವಿಡಿಯೊಗಳನ್ನು ನಿಮ್ಮ ವೆಬ್‌ಸೈಟ್, ಮೊಬೈಲ್ ಆ್ಯಪ್, ಸಾಮಾಜಿಕ ಜಾಲತಾಣದ ಪುಟಗಳು ಹಾಗೂ ಅವುಗಳ ಪಾವತಿ ಪ್ರಚಾರದಲ್ಲಿ, ನಮ್ಮ ವ್ಯಾಪಾರದ ಜಾಹೀರಾತಿಗಾಗಿ ಮಾತ್ರ, ಇಡೀ ಪ್ರಪಂಚದಲ್ಲಿ, ಈ ದಿನದಿಂದ 2 ವರ್ಷ ಬಳಸಲು ಅನುಮತಿ ನೀಡಿದ್ದೇವೆ. ಇದಕ್ಕೆ ಯಾವುದೇ ಶುಲ್ಕವಿಲ್ಲ. ಅಳತೆ ಬದಲಿಸಲು, ಕತ್ತರಿಸಲು, ಕನ್ನಡಕ್ಕೆ ಅನುವಾದಿಸಲು ಒಪ್ಪಿಗೆ ಇದೆ. ಲೋಗೊದ ಬಣ್ಣ, ಆಕಾರ ಬದಲಿಸುವಂತಿಲ್ಲ. ಈ ಸಾಮಗ್ರಿ ನಮ್ಮದು, ಅಥವಾ ಹೀಗೆ ಅನುಮತಿ ಕೊಡುವ ಅಧಿಕಾರ ನಮಗಿದೆ. ಇದರಲ್ಲಿ ಕಾಣುವ ವ್ಯಕ್ತಿಗಳ ಒಪ್ಪಿಗೆ ಪಡೆದಿದ್ದೇವೆ. ಬೇರೆಯವರು ತಕರಾರು ತೆಗೆದರೆ ಅದರ ವೆಚ್ಚ ಮತ್ತು ನಷ್ಟ ನಮ್ಮ ಹೊಣೆ. ತೆಗೆಯಿರಿ ಎಂದು ನಾವು ಬರಹದಲ್ಲಿ ತಿಳಿಸಿದರೆ 7 ದಿನದೊಳಗೆ ಇವನ್ನು ತೆಗೆಯಬೇಕು."

ಶುಲ್ಕದ ಸಾಲನ್ನು ಬಿಡಬೇಡಿ; ಉಚಿತವಾದರೆ ಉಚಿತ ಎಂದೇ ಬರೆಯಬೇಕು. ಪಟ್ಟಿಯಲ್ಲಿ "ಎಲ್ಲ ಫೋಟೊಗಳು" ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ಕೃತಿ ಎಂದು ಗುರುತಿಸುವಂತೆ ಫೈಲಿನ ಹೆಸರು, ಸಣ್ಣ ಚಿತ್ರ, ತೆಗೆದವರ ಹೆಸರು ಇರಲಿ.

ಯಾರು ಸಹಿ ಹಾಕಬೇಕು? ಒಬ್ಬರದೇ ಅಂಗಡಿಯಾದರೆ ಮಾಲೀಕರು, ಪಾಲುದಾರಿಕೆಯಾದರೆ ಪಾಲುದಾರರು, ಕಂಪನಿಯಾದರೆ ನಿರ್ದೇಶಕರು ಅಥವಾ ಅಧಿಕೃತ ಸಹಿದಾರರು. ಕೌಂಟರಿನಲ್ಲಿ ಕೂತ ಮ್ಯಾನೇಜರು ವಾಟ್ಸಾಪಿನಲ್ಲಿ ಹೆಬ್ಬೆರಳೆತ್ತಿದ ಇಮೋಜಿ ಕಳಿಸಿದ್ದು ಲೆಕ್ಕಕ್ಕಿಲ್ಲ. ಜಿಎಸ್‌ಟಿ ಪ್ರಮಾಣಪತ್ರ ಕೇಳಿ, ಅದರಲ್ಲಿರುವ ಹೆಸರಿಗೂ ಸಹಿಗೂ ತಾಳೆ ನೋಡಿ. ಫ್ರಾಂಚೈಸಿಯಾದರೆ ಬ್ರ್ಯಾಂಡಿನ ಲೋಗೊ ಬಳಸಿಸುವ ಹಕ್ಕು ಅವರಿಗಿದೆ ಎಂದು ತೋರಿಸುವ ಕರಾರಿನ ಪುಟ ಪಡೆಯಿರಿ.

ಛಾಪಾ ಕಾಗದದಲ್ಲಿ ಬರೆಯದಿದ್ದ ಮಾತ್ರಕ್ಕೆ ಅನುಮತಿ ಸುಳ್ಳಾಗುವುದಿಲ್ಲ. ಆದರೆ ಕರ್ನಾಟಕ ಸ್ಟಾಂಪ್ ಕಾಯ್ದೆಯಂತೆ ಸುಂಕ ಕಟ್ಟಬೇಕಾದ ದಾಖಲೆಗೆ ಕಟ್ಟದಿದ್ದರೆ, ಕೋರ್ಟು ಸುಂಕ ಮತ್ತು ದಂಡ ವಸೂಲಾಗದೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಣ ಕೈಬದಲಾಗುವ ದೊಡ್ಡ ಕರಾರುಗಳನ್ನು ಇ-ಸ್ಟಾಂಪಿನ ಮೇಲೆಯೇ ಮಾಡಿ.

ಹಕ್ಕಿನ ವರ್ಗಾವಣೆ

ಇದು ಬಹುತೇಕರಿಗೆ ಬೇಡ. ಅಂಗಡಿಯವರ ಲೋಗೊ ನಿಮ್ಮದಾಗಬೇಕಿಲ್ಲ, ಅವರೂ ಒಪ್ಪುವುದಿಲ್ಲ. ಬೇಕಾಗುವುದು ಎರಡೇ ಕಡೆ: ನಿಮಗಾಗಿ ಹೊರಗಿನವರು ಬರೆದ, ಬಿಡಿಸಿದ ಕೆಲಸಕ್ಕೆ, ಮತ್ತು ಅಂಗಡಿಯವರಿಗೂ ಅವರ ಡಿಟಿಪಿಯವರಿಗೂ ನಡುವೆ. ಇಲ್ಲಿ ಕೊಡುವವರ ಸಹಿ ಕಡ್ಡಾಯ. ವರ್ಗಾವಣೆಯಾದ ಮೇಲೂ ಕೃತಿಕಾರರಿಗೆ ಸೆಕ್ಷನ್ 57ರ ವಿಶೇಷ ಹಕ್ಕು ಉಳಿಯುತ್ತದೆ. ತನ್ನ ಹೆಸರು ಹೇಳಿಕೊಳ್ಳುವುದು, ತನ್ನ ಮಾನಕ್ಕೆ ಕುಂದು ತರುವಂತೆ ತಿರುಚಿದರೆ ತಡೆಯುವುದು ಅವರಿಂದ ಹೋಗುವುದಿಲ್ಲ.

ವ್ಯಾಪಾರಿಯೇ ಅಪ್‌ಲೋಡ್ ಮಾಡುವುದು

ನೂರಾರು ಲಿಸ್ಟಿಂಗ್ (ಅಂಗಡಿಗಳ ಜಾಹೀರಾತು ನಮೂದು) ಇರುವ ಸೈಟಿಗೆ ಇದೇ ಸರಿ. ವ್ಯಾಪಾರಿ ತಾನೇ ಲಾಗಿನ್ ಆಗಿ ಚಿತ್ರ ಹಾಕುತ್ತಾನೆ, ಷರತ್ತುಗಳನ್ನು ಒಪ್ಪುತ್ತಾನೆ. ಎಲೆಕ್ಟ್ರಾನಿಕ್ ರೀತಿಯಲ್ಲಿ ಆದ ಕರಾರಿಗೂ ಮಾನ್ಯತೆ ಇದೆ ಎನ್ನುತ್ತದೆ 2000ದ ಐಟಿ ಕಾಯ್ದೆಯ ಸೆಕ್ಷನ್ 10ಎ. ಸೆಕ್ಷನ್ 79ರ ರಕ್ಷಣೆ, ಅಂದರೆ ಬೇರೆಯವರು ಹಾಕಿದ್ದಕ್ಕೆ ಮಧ್ಯವರ್ತಿ ಹೊಣೆಯಲ್ಲ ಎನ್ನುವ ನಿಯಮ, ಈ ದಾರಿಯ ದೊಡ್ಡ ಲಾಭ.

ಆದರೆ ಬಹಳಷ್ಟು ಸೈಟುಗಳು ಆ ರಕ್ಷಣೆಯನ್ನು ತಾವೇ ಕೈಯಾರೆ ಕಳೆದುಕೊಳ್ಳುತ್ತವೆ. ಸೆಕ್ಷನ್ 79 ಕಾಯುವುದು ಮಾಹಿತಿಯನ್ನು ಆರಿಸದ, ಬದಲಿಸದ ಮಧ್ಯವರ್ತಿಯನ್ನು. ನಿಮ್ಮ ಸಿಬ್ಬಂದಿಯೇ ಅಂಗಡಿಯ ಪೇಜಿನಿಂದ ಫೋಟೊ ಆರಿಸಿ, ಫೋಟೊಶಾಪಿನಲ್ಲಿ ತಿದ್ದಿ, "ಹಬ್ಬದ ಭರ್ಜರಿ ಆಫರ್" ಎಂದು ಪೋಸ್ಟರ್ ಮಾಡಿ ಹಾಕಿದರೆ ನೀವು ಮಧ್ಯವರ್ತಿಯಲ್ಲ, ಪ್ರಕಾಶಕರು. ಟ್ರೇಡ್‌ಮಾರ್ಕನ್ನು ಕೀವರ್ಡ್ ಆಗಿ, ಅಂದರೆ ಹುಡುಕಿದಾಗ ಜಾಹೀರಾತು ತೋರಿಸುವ ಪದವಾಗಿ, ಮಾರುವ ಬಗ್ಗೆ ದೆಹಲಿ ಹೈಕೋರ್ಟು 2023ರಲ್ಲಿ ಗೂಗಲ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದೇ ದಿಕ್ಕಿನದು: ಜಾಹೀರಾತು ವ್ಯವಸ್ಥೆಯಲ್ಲಿ ಸಕ್ರಿಯವಾಗಿ ಪಾಲ್ಗೊಂಡು, ಆ ಬಳಕೆ ಉಲ್ಲಂಘನೆಯೆಂದು ಸಾಬೀತಾದರೆ, ಸೆಕ್ಷನ್ 79ರ ಮರೆ ಸಿಗದು. ಕೀವರ್ಡ್ ಬಳಕೆ ಗೊಂದಲ ಹುಟ್ಟಿಸದಿದ್ದರೆ ತಾನಾಗಿ ಉಲ್ಲಂಘನೆಯಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ.

ಹಾಗಾಗಿ ಒಂದು ಗೆರೆ ಎಳೆದುಕೊಳ್ಳಿ. ವ್ಯಾಪಾರಿ ಹಾಕಿದ್ದು ವ್ಯಾಪಾರಿಯ ಖಾತೆಯಲ್ಲೇ ಇರಲಿ. ನಿಮ್ಮವರು ಮಾಡಿದ ಪ್ರತಿಯೊಂದು ಪೋಸ್ಟರಿಗೂ ಮೇಲಿನ ಲೈಸೆನ್ಸ್ ಪತ್ರ ಇರಲಿ. ಅಪ್‌ಲೋಡ್ ಪುಟದಲ್ಲಿ ಟಿಕ್ ಗುರುತು ಮೊದಲೇ ತುಂಬಿರಬಾರದು. ಒಪ್ಪಿದ ದಿನ, ಗಂಟೆ, ಐಪಿ ವಿಳಾಸ, ಆಗಿದ್ದ ಷರತ್ತುಗಳ ಪ್ರತಿ ದಾಖಲಾಗಬೇಕು. ಷರತ್ತುಗಳು ಕನ್ನಡದಲ್ಲೂ ಇರಲಿ, ಓದಿ ಒಪ್ಪಿದೆನೆಂಬ ಮಾತಿಗೆ ಆಗ ಬೆಲೆ.

ನೀವೇ ತೆಗೆದ ಫೋಟೊ

ಅಂಗಡಿಗೆ ಹೋಗಿ ಮೊಬೈಲಿನಲ್ಲೇ ಹತ್ತು ಫೋಟೊ ತೆಗೆದರೆ ಅರ್ಧದಷ್ಟು ಕಾಗದದ ಕೆಲಸ ಕಡಿಮೆಯಾಗುತ್ತದೆ. ಸಣ್ಣ ಸೈಟುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಟ್ಟಡದ ಫೋಟೊ ತೆಗೆದು ಪ್ರಕಟಿಸುವುದು ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರಲ್ಲೇ ಮುಕ್ತ. ಬೀದಿಯಲ್ಲಿ ನಿಂತು ಅಂಗಡಿಯ ಮುಂಭಾಗ ತೆಗೆಯಬಹುದು. ಒಳಗೆ ತೆಗೆಯಲು ಮಾಲೀಕರ ಒಪ್ಪಿಗೆ ಬೇಕು.

ಎಲ್ಲಿ ಕೈಕೊಡುತ್ತದೆ? ಗೋಡೆಯ ಮೇಲಿನ ವರ್ಣಚಿತ್ರದಲ್ಲಿ. ಸಾರ್ವಜನಿಕ ಜಾಗದ ಶಿಲ್ಪಕ್ಕೆ ಇರುವ ವಿನಾಯಿತಿ ಗೋಡೆಚಿತ್ರಕ್ಕೆ ಇಲ್ಲ. ಕೆಫೆಯ ಗೋಡೆಯ ದೊಡ್ಡ ಮ್ಯೂರಲ್ಲೇ ಚಿತ್ರದ ತುಂಬ ಕಂಡರೆ ಕಲಾವಿದರ ಹಕ್ಕಿಗೆ ಕೈಹಾಕಿದಂತೆ. ಇನ್ನೊಂದು, ಗಿರಾಕಿಗಳ ಮುಖ. ಗುರುತು ಸಿಗುವಂತೆ ಕಂಡವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಮಕ್ಕಳಿದ್ದರೆ ತಂದೆ ತಾಯಿಯ ಸಹಿ. ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಣದಂತೆ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ತೆಗೆಯುವುದು ಮೇಲು.

ಅನುಮತಿ ಬೇಡದ ಬಳಕೆ

ಅಂಗಡಿಯ ಹೆಸರು, ವಿಳಾಸ, ಸಮಯ, ಮಸಾಲೆ ದೋಸೆಯ ಬೆಲೆ ಇವು ಸಂಗತಿಗಳು, ಇವಕ್ಕೆ ಹಕ್ಕುಸ್ವಾಮ್ಯವಿಲ್ಲ. ಆದರೆ ಬೇರೆ ಡೈರೆಕ್ಟರಿಯವರು ತಮ್ಮ ಬುದ್ಧಿ ಬಳಸಿ ಆರಿಸಿ ಜೋಡಿಸಿದ ಪಟ್ಟಿಯನ್ನು ಇಡಿಯಾಗಿ ಎತ್ತಿಕೊಳ್ಳುವಂತಿಲ್ಲ. ಇಂಥ ಸಂಕಲನಕ್ಕೆ ಕನಿಷ್ಠ ಮಟ್ಟದ ಸೃಜನಶೀಲತೆ ಇದ್ದರೆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟು 2007ರಲ್ಲಿ ಕಾನೂನು ವರದಿಗಳ ಪ್ರಕರಣವೊಂದರಲ್ಲಿ ಹೇಳಿದೆ.

ಟ್ರೇಡ್‌ಮಾರ್ಕಿನ ವಿಷಯ ಬೇರೆ. "ಹೀರೊ, ಬಜಾಜ್, ಟಿವಿಎಸ್ ಗಾಡಿಗಳ ಸರ್ವೀಸ್ ಮಾಡಲಾಗುತ್ತದೆ" ಎಂದು ಸಾದಾ ಅಕ್ಷರದಲ್ಲಿ ಬರೆಯುವುದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 30 ಜಾಗ ಕೊಡುತ್ತದೆ, ಬಳಕೆ ಪ್ರಾಮಾಣಿಕವಾಗಿದ್ದರೆ. ಅದರ ಪಕ್ಕ ಕಂಪನಿಯ ಲೋಗೊ ಇಟ್ಟು, ಅದೇ ಬಣ್ಣ ಬಳಿದು, "ಅಧಿಕೃತ" ಎಂಬ ಪದ ಸೇರಿಸಿದರೆ ಆ ಜಾಗ ಮುಗಿಯಿತು. ಗ್ರಾಹಕರಿಗೆ ಏನು ಮಾರುತ್ತೀರಿ ಎಂದು ತಿಳಿಸಲು ಹೆಸರು ಸಾಕು, ಲೋಗೊ ಬೇಕಿಲ್ಲ. ನಮ್ಮ ಎಣ್ಣೆ ಆ ಎಣ್ಣೆಗಿಂತ ಮೇಲು ಎಂಬ ಹೋಲಿಕೆಯ ಜಾಹೀರಾತು ಬಂದರೆ, ಆಧಾರದ ದಾಖಲೆ ಕೈಗೆ ಬಂದ ಮೇಲೆಯೇ ಹಾಕಿ. ಇನ್ನೊಬ್ಬರ ಹೆಸರಿಗೆ ಕುಂದು ತರುವ ಜಾಹೀರಾತು ಸೆಕ್ಷನ್ 29ರಲ್ಲಿ ಉಲ್ಲಂಘನೆ.

ಅಂಗಡಿಯ ವೆಬ್‌ಸೈಟಿಗೆ ಬರೀ ಲಿಂಕ್ ಕೊಡುವುದು ಸುರಕ್ಷಿತ. ಯೂಟ್ಯೂಬಿನ ವಿಡಿಯೊವನ್ನು ಅವರೇ ಕೊಟ್ಟ ಎಂಬೆಡ್ ಕೋಡಿನಿಂದ ತೋರಿಸಿ. ಡೌನ್‌ಲೋಡ್ ಮಾಡಿ ನಿಮ್ಮ ಸರ್ವರಿನಲ್ಲಿ ಇಡಬೇಡಿ. ಅಂಗಡಿಯವರ ರೀಲ್ಸ್ ಇಳಿಸಿ ಹಾಕಿದರೆ ಅದರೊಳಗಿನ ಸಿನಿಮಾ ಹಾಡಿನದು ಇನ್ನೊಂದು ತಲೆನೋವು. ಇನ್‌ಸ್ಟಾಗ್ರಾಮ್ ಒಳಗೆ ಬಳಸಲು ಸಿಕ್ಕ ಸಂಗೀತಕ್ಕೆ ನಿಮ್ಮ ಸೈಟಿನಲ್ಲಿ ಅನುಮತಿ ಇರುವುದಿಲ್ಲ. ಹಾಡು ತೆಗೆದು ಹಾಕಿ.

ಗೂಗಲ್ ಮ್ಯಾಪ್, ಮುಕ್ತ ಲೈಸೆನ್ಸ್, ಸ್ಟಾಕ್

ಗೂಗಲ್ ಮ್ಯಾಪಿನಲ್ಲಿರುವ ಫೋಟೊ, ವಿಮರ್ಶೆಗಳನ್ನು ನಕಲು ಮಾಡಿ ನಿಮ್ಮ ಡೇಟಾಬೇಸಿಗೆ ತುಂಬುವುದನ್ನು ಅವರ ನಿಯಮ ಒಪ್ಪುವುದಿಲ್ಲ. ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಪಡೆಯುವ ಅಧಿಕೃತ ದಾರಿ) ಮೂಲಕ ಪಡೆದರೆ ಪ್ಲೇಸ್ ಐಡಿ (ಜಾಗಕ್ಕೆ ಗೂಗಲ್ ಕೊಟ್ಟ ಗುರುತಿನ ಸಂಕೇತ) ಎಷ್ಟು ದಿನವಾದರೂ ಇಟ್ಟುಕೊಳ್ಳಬಹುದು, ಅಕ್ಷಾಂಶ ರೇಖಾಂಶ 30 ದಿನ ಮಾತ್ರ. ಫೋಟೊದ ಜೊತೆ ಹಾಕಿದವರ ಹೆಸರು ತೋರಿಸಬೇಕು. ನಕ್ಷೆ ಮಾತ್ರ ಬೇಕಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಅಗ್ಗ, ಮೂಲದ ಹೆಸರು ಹಾಕಿದರೆ ಆಯಿತು.

ಕ್ರಿಯೇಟಿವ್ ಕಾಮನ್ಸ್, ಅಂದರೆ ಕೆಲವು ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಟ್ಟ ಚಿತ್ರಗಳಲ್ಲಿ ವಾಣಿಜ್ಯೇತರ ಷರತ್ತಿನ 'ಎನ್‌ಸಿ' ಇದ್ದರೆ ಜಾಹೀರಾತು ಸೈಟಿಗೆ ಅಲ್ಲ. 'ಎನ್‌ಡಿ' ಇದ್ದರೆ ತಿದ್ದಿದ ಚಿತ್ರ ಹಂಚುವಂತಿಲ್ಲ. ಸ್ಟಾಕ್ ತಾಣಗಳಲ್ಲಿ 'ಎಡಿಟೋರಿಯಲ್' ಗುರುತಿನ ಚಿತ್ರಗಳು ಸುದ್ದಿಗೆ ಮಾತ್ರ. ಈ ಯಾವ ಲೈಸೆನ್ಸೂ ಚಿತ್ರದೊಳಗೆ ಕಾಣುವ ಲೋಗೊಗೆ ಅನುಮತಿ ಕೊಡುವುದಿಲ್ಲ.

ಅಂಗಡಿಯವರು ಕೊಡಲಾಗದ ಅನುಮತಿ

ಐಎಸ್‌ಐ ಗುರುತು, ಚಿನ್ನದ ಹಾಲ್‌ಮಾರ್ಕ್ ಚಿಹ್ನೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನವು. ಅಂಗಡಿಗೆ ನೋಂದಣಿ ಅಥವಾ ಲೈಸೆನ್ಸ್ ಇದೆಯೇ ನೋಡದೆ ಪೋಸ್ಟರಿಗೆ ಅಂಟಿಸಬೇಡಿ. ರಾಷ್ಟ್ರಲಾಂಛನವನ್ನು ಜಾಹೀರಾತಿಗೆ ಬಳಸಿಸುವ ಅಧಿಕಾರ ಯಾವ ವ್ಯಾಪಾರಿಗೂ ಇಲ್ಲ. ಭೌಗೋಳಿಕ ಸೂಚಿ, ಅಂದರೆ ಊರಿನ ಹೆಸರಿನ ಮೇಲೆ ನೋಂದಾಯಿಸಿದ ವಸ್ತುವಿನ ಹೆಸರು (ಜಿಐ ಟ್ಯಾಗ್), ಇದರ ವಿಷಯದಲ್ಲಿ ನಮ್ಮ ಕಡೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಮೈಸೂರು ರೇಷ್ಮೆ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ ಎಲ್ಲವೂ ನೋಂದಾಯಿತ ಹೆಸರುಗಳು. ಬೇರೆಡೆ ನೇಯ್ದ ಸೀರೆಗೆ "ಮೈಸೂರು ಸಿಲ್ಕ್" ಎಂದು ಜಾಹೀರಾತು ಹಾಕಿಸಿಕೊಳ್ಳಲು ಬಂದವರಿಗೆ ಬೇಡ ಎನ್ನಿ. ಆ ಹೆಸರಿನ ಹಿಂದೆ ನೇಕಾರರ, ಕುಶಲಕರ್ಮಿಗಳ ಅನ್ನ ಇದೆ.

ಹಾಗಾದರೆ ಯಾವುದನ್ನು ಆರಿಸುವುದು

ಲಿಸ್ಟಿಂಗ್ ನೂರರ ಒಳಗಿದ್ದರೆ: ನಿಮ್ಮದೇ ಫೋಟೊ, ಲೋಗೊಗೆ ಒಂದು ಪುಟದ ಲೈಸೆನ್ಸ್. ನೂರು ದಾಟಿದರೆ: ವ್ಯಾಪಾರಿಯಿಂದ ಅಪ್‌ಲೋಡ್, ಪೋಸ್ಟರ್ ಮಾಡಿಸುವವರಿಗೆ ಮಾತ್ರ ಲೈಸೆನ್ಸ್. ದೊಡ್ಡ ಬ್ರ್ಯಾಂಡಿನ ವಸ್ತು ಮಾರುವ ಅಂಗಡಿಯಾದರೆ: ಸಾದಾ ಅಕ್ಷರದಲ್ಲಿ ಹೆಸರು, ಅಂಗಡಿಯಲ್ಲಿರುವ ಅಸಲಿ ವಸ್ತುವಿನ ನಿಮ್ಮದೇ ಫೋಟೊ, ಕಂಪನಿಯ ಚಿತ್ರ ಬೇಕೇಬೇಕೆಂದರೆ ಡೀಲರನ್ನು ಬಿಟ್ಟು ಕಂಪನಿಯ ಮಾರ್ಕೆಟಿಂಗ್ ವಿಭಾಗಕ್ಕೇ ಇಮೇಲ್ ಬರೆಯಿರಿ. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ.

ದಾಖಲೆ, ಮತ್ತು ನೋಟಿಸು ಬಂದ ದಿನ

ಒಂದು ಎಕ್ಸೆಲ್ ಶೀಟಿನಲ್ಲಿ ಫೈಲ್ ಹೆಸರು, ಒಡೆಯರು, ಅನುಮತಿ ಕೊಟ್ಟವರು, ದಿನಾಂಕ, ಮುಗಿಯುವ ದಿನ, ಎಲ್ಲೆಲ್ಲಿ ಬಳಸಿದೆ ಇಷ್ಟು ಬರೆದಿಡಿ. ಮುಗಿಯುವ 30 ದಿನ ಮೊದಲೇ ಫೋನಿನಲ್ಲಿ ಅಲಾರಂ ಬರಲಿ. ಅಂಗಡಿ ಕೈಬದಲಾದರೆ, ಫ್ರಾಂಚೈಸಿ ಹೋದರೆ ಹೊಸ ಪತ್ರ ಪಡೆಯಿರಿ. ಇಮೇಲ್ ಮತ್ತು ವಾಟ್ಸಾಪ್ ಮಾತುಕತೆಯನ್ನು ಸ್ಕ್ರೀನ್‌ಶಾಟ್ ತೆಗೆದು ನೆಮ್ಮದಿಯಾಗಿರಬೇಡಿ, ಮೂಲವನ್ನೇ ಉಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿ ಪಡೆಯುವ ಗುರುತಿನ ಸಂಕೇತ) ತುಂಬಬೇಕು. ಮೂಲ ಫೈಲು ಅಳಿದುಹೋಗಿದ್ದರೆ ತುಂಬುವುದು ಕಷ್ಟ.

ನೋಟಿಸು ಬಂದರೆ ಮೊದಲು ಚಿತ್ರವನ್ನು ಪುಟದಿಂದ ಮರೆಮಾಡಿ, ಅಳಿಸಬೇಡಿ. ಥಂಬ್‌ನೇಲ್, ಸಿಡಿಎನ್ (ಪುಟ ಬೇಗ ತೆರೆಯಲು ಬೇರೆ ಸರ್ವರುಗಳಲ್ಲಿಟ್ಟ) ಪ್ರತಿ, ಬೂಸ್ಟ್ ಮಾಡಿದ ಪೋಸ್ಟುಗಳನ್ನೂ ನಿಲ್ಲಿಸಿ, ಮರೆತುಹೋಗುವುದು ಇವೇ. ವ್ಯಾಪಾರಿ ಹಾಕಿದ ಸಾಮಗ್ರಿಯಾದರೆ 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮ ನೋಡಿ. ದೂರಿನಲ್ಲಿ ಕೃತಿಯ ವಿವರ, ಒಡೆತನದ ಆಧಾರ, ನಿಮ್ಮ ಪುಟದ ವಿಳಾಸ, ಕೋರ್ಟಿಗೆ ಹೋಗಿ 21 ದಿನದೊಳಗೆ ಆದೇಶ ತರುವ ಮುಚ್ಚಳಿಕೆ ಇರಬೇಕು. ದೂರು ಸರಿಯಿದ್ದರೆ 36 ಗಂಟೆಯೊಳಗೆ ತಡೆಯಬೇಕು. 21 ದಿನದಲ್ಲಿ ಆದೇಶ ಬಾರದಿದ್ದರೆ ಮತ್ತೆ ತೋರಿಸಬಹುದು. ನಿಮ್ಮ ಸಿಬ್ಬಂದಿಯೇ ಹಾಕಿದ್ದಾದರೆ ಈ 21 ದಿನದ ಆಟ ನಿಮಗಿಲ್ಲ. ಲೈಸೆನ್ಸ್ ಪತ್ರ ಹುಡುಕಿ, ಪ್ರತಿಯನ್ನು ಅಂಗಡಿಯವರಿಗೂ ನಿಮ್ಮ ವಕೀಲರಿಗೂ ಅದೇ ದಿನ ಕಳಿಸಿ. ದೂರು ಕೊಟ್ಟವರಿಗೆ ಫೋನಿನಲ್ಲಿ "ತಪ್ಪಾಯಿತು, ದುಡ್ಡು ಕೊಡುತ್ತೇವೆ" ಎಂದು ಹೇಳುವ ಮುಂಚೆ ಅವರೇ ಒಡೆಯರೆಂಬ ಆಧಾರ ಕೇಳಿ ಪಡೆಯಿರಿ.